ಹಳದಿ ಸೀರೆಯ ದೆವ್ವ

ಕಾಲೇಜಿನ ಮೊದಲ ವರ್ಷದಲ್ಲಿ ನಾವು ಮೂವರು ಗೆಳೆಯರು ಸೇರಿ ಒಂದು ದೆವ್ವದ ಸಿನಿಮಾ ತೆಗೆದೆವು. ಅರವತ್ತರ ದಶಕದ ಮಾತು. ನಮ್ಮಲ್ಲೊಬ್ಬನ ತಂದೆಗೆ ಹಳೇ ಹುಬ್ಬಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇತ್ತು. ಮದುವೆಗಳನ್ನು ತೆಗೆಯಲೆಂದು ಅವರು ಮುಂಬಯಿಯಿಂದ ಕೀಲಿ ಕೊಟ್ಟು ಓಡಿಸುವ ಪುಟ್ಟ ಸಿನಿಮಾ ಕ್ಯಾಮೆರಾ ತಂದಿದ್ದರು. ಬರೀ ಕಪ್ಪು-ಬಿಳುಪು, ಸದ್ದಿಲ್ಲ. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ತೋರಿಸುತ್ತೇವೆಂದು ಕಾಡಿ ಬೇಡಿ ಗೆಳೆಯ ಅದನ್ನು ಒಂದು ಭಾನುವಾರದ ಮಟ್ಟಿಗೆ ಇಸಿದುಕೊಂಡ.

ಕಥೆಗಾಗಿ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಟಾಕೀಸಿನ ಮುಂದಿನ ಬೆಂಚುಗಳಲ್ಲಿ ಕೂತು ಕೂತು ದೆವ್ವದ ಸಿನಿಮಾಕ್ಕೆ ಏನೇನು ಬೇಕೆಂಬುದು ಬಾಯಿಪಾಠವಾಗಿತ್ತು. ಪಾಳು ವಾಡೆಯೊಳಗೆ ಪಂದ್ಯ ಕಟ್ಟಿ ಹುಡುಗರು ಹೋಗಬೇಕು. ದೆವ್ವ ಗಿವ್ವ ಎಲ್ಲ ಸುಳ್ಳು ಎಂದು ನಕ್ಕವನೇ ಮೊದಲು ಕಾಣೆಯಾಗಬೇಕು. ಆಮೇಲೆ ಬಿಳಿ ಸೀರೆ, ಬಿಚ್ಚಿದ ಕೂದಲು, ಕೈಯಲ್ಲೊಂದು ದೀಪ. ಗೆಜ್ಜೆಯಿಲ್ಲದ ದೆವ್ವ ದೆವ್ವವೇ ಅಲ್ಲ ಎಂದು ನಾನು ಹಟ ಹಿಡಿದೆ. ಸದ್ದೇ ಬಾರದ ಸಿನಿಮಾದಲ್ಲಿ ಗೆಜ್ಜೆ ಕೇಳುವುದು ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲ.

ತೊಡಕಾದದ್ದು ದೆವ್ವದ್ದೇ. ಮಗಳ ಕೂದಲು ಬಿಚ್ಚಿಸಿ ಹುಡುಗರ ಜತೆ ಕಳಿಸುವ ಮನೆ ಊರಲ್ಲಿ ಯಾವುದಿತ್ತು? ನಮ್ಮ ಪಡಸಾಲೆಯಲ್ಲಿ ಕೂತು ಇದನ್ನೇ ಗೊಣಗುತ್ತಿದ್ದಾಗ, ಅಲ್ಲೇ ಅಕ್ಕಿ ಆರಿಸುತ್ತಿದ್ದ ನನ್ನ ಸೋದರತ್ತೆ ತಲೆ ಎತ್ತಿದಳು. ಮದುವೆಯಾದ ಮರುವರ್ಷವೇ ಗಂಡನನ್ನು ಕಳಕೊಂಡು ತವರಿಗೆ ಬಂದವಳು, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು. ಇನ್ನೂ ಮೂವತ್ತು ತುಂಬಿರಲಿಲ್ಲ. ನಮ್ಮ ಮನೆಯ ರೀತಿಯಂತೆ ಅಂದಿನಿಂದ ಬಿಳಿ ಸೀರೆಯೇ.

"ನಾನ ಆಗತೇನಿ ತಗೋರಿ. ವೇಷದ ಖರ್ಚೂ ಇಲ್ಲ, ಸೀರಿ ಮೈಮ್ಯಾಗ ಐತಿ" ಎಂದಳು.

ನಗಬೇಕೋ ಬೇಡವೋ ತಿಳಿಯಲಿಲ್ಲ. ಸ್ಟುಡಿಯೋದ ಗೆಳೆಯ ಮಾತ್ರ ತಲೆ ಕೆರೆದುಕೊಂಡ. "ಅಕ್ಕೋರ, ಬಿಳೀ ಸೀರಿ ನಡೆಯೂದಿಲ್ರಿ. ಬಿಸಲಾಗ ಬಿಳೀದು ಬರೇ ಕುಕ್ಕತೈತಿ, ಉಟ್ಟವರ ಮಾರಿ ಕರ್ರಗ ಬೀಳತೈತಿ. ಪಡದ್ಯಾಗ ಬಿಳೀದು ಕಾಣಬೇಕಂದ್ರ ತಿಳಿ ಹಳದಿ ಉಡಬೇಕ್ರಿ."

ಅತ್ತೆಯ ಕೈ ಮೊರದಲ್ಲೇ ನಿಂತಿತು. ನನ್ನ ತಾಯಿ ಎದ್ದು ಹೋಗಿ ಟ್ರಂಕಿನಿಂದ ತನ್ನ ತಿಳಿ ಹಳದಿ ವಾಯಿಲ್ ಸೀರೆ ತಂದಿಟ್ಟಳು. ಕಟ್ಟುನಿಟ್ಟಿಗೆ ಹೆಸರಾದ ಆಯಿ, ಎಂದರೆ ನನ್ನ ತಂದೆಯ ತಾಯಿ, ಮೂಲೆಯಿಂದ ಗುಡುಗಿದಳು: "ಹಳದಿ ಉಡತಾಳಂತ! ಮಂದಿ ಏನಂದಾರು?"

"ಪಡದ್ಯಾಗ ಬಿಳೀದ ಕಾಣತೈತ್ರಿ ಆಯಿ" ಎಂದ ಗೆಳೆಯ.

"ಪಡದ್ಯಾಗ ಖರೆ. ಮಂದಿ ಕಣ್ಣಾಗ?"

ಅತ್ತೆ ವಾದಿಸಲಿಲ್ಲ. ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ಕೂತಿದ್ದಳು, ಬಿಡಲೂ ಇಲ್ಲ. ಅವಳಿಗೆ ಅದು ಎಷ್ಟು ಬೇಕಾಗಿತ್ತೆಂದು ನನಗಾಗ ತಿಳಿಯಿತು. ಆಯಿಗೂ ತಿಳಿದಿರಬೇಕು. ಕೊನೆಗೊಂದು ಕರಾರು ಹಾಕಿದಳು: ಹೋಗುವಾಗ ಬರುವಾಗ ಬಿಳಿಯದು, ಕ್ಯಾಮೆರಾದ ಮುಂದೆ ಮಾತ್ರ ಹಳದಿ.

ಹತ್ತಿರದ ಸುಳ್ಳ ಎಂಬ ಹಳ್ಳಿಯಲ್ಲಿ ನಮ್ಮ ಮೂರನೆಯ ಗೆಳೆಯನ ಸಂಬಂಧಿಕರ ಪಾಳು ವಾಡೆಯೊಂದಿತ್ತು. ಬಸ್ಸಿನಲ್ಲಿ ಹೋದೆವು. ಬೆಳಕು ಸಾಕಾಗದೆಂದು ನಡುರಾತ್ರಿಯ ದೃಶ್ಯವನ್ನು ನಡುಮಧ್ಯಾಹ್ನ ತೆಗೆಯಬೇಕಾಯಿತು. ಲೆನ್ಸಿನ ಕಿಂಡಿ ಕಿರಿದು ಮಾಡಿದರೆ ರಾತ್ರಿಯಾಗುತ್ತದೆ ಎಂದು ಗೆಳೆಯ ಭರವಸೆ ಕೊಟ್ಟ. ಊರ ಮಂದಿ ಕಟ್ಟೆಯ ಮೇಲೆ ಸಾಲಾಗಿ ಕೂತರು. ಒಬ್ಬ ಮುದುಕಿಯಂತೂ ದೆವ್ವಕ್ಕೆ ಮಜ್ಜಿಗೆ ತಂದುಕೊಟ್ಟಳು.

ಒಳಕೋಣೆಯಲ್ಲಿ ಸೀರೆ ಬದಲಿಸಿ ಅತ್ತೆ ಬಾಗಿಲಿಗೆ ಬಂದಳು. ಕೂದಲು ಬಿಚ್ಚಿತ್ತು, ಕೈಯಲ್ಲಿ ದೀಪವಿತ್ತು. ಎಲ್ಲ ನಾವು ಹೇಳಿದಂತೆಯೇ, ಆದರೆ ಮುಖದ ತುಂಬ ನಗು.

"ಅಕ್ಕೋರ, ದೆವ್ವ ನಗಬಾರದ್ರಿ."

"ಎಲ್ಲಿ ನಗಾಕತ್ತೇನೊ?" ಎನ್ನುತ್ತಲೇ ನಕ್ಕಳು.

ಮತ್ತೆ ನಡೆಸಿದೆವು. ಬಾಗಿಲ ತನಕ ಬಿಗಿಯಾಗಿ ಬರುವಳು. ಬಿಸಿಲು ಸೆರಗಿನ ಮೇಲೆ ಬಿದ್ದೊಡನೆ ಅದನ್ನೊಮ್ಮೆ ನೋಡಿಕೊಳ್ಳುವಳು, ಮುಗಿಯಿತು. ದೆವ್ವ ಎಲ್ಲಾದರೂ ಹೀಗೆ ಹಲ್ಲು ಕಿರಿಯುತ್ತದೆಯೇ ಎಂದು ನಾನು ರೇಗಿದೆ. ಅಷ್ಟರಲ್ಲಿ ರೀಲು ತೀರಿತು. ಸಂಜೆ ಬಿಳಿ ಸೀರೆಯಲ್ಲಿ ಬಸ್ಸು ಹತ್ತಿದ ಅತ್ತೆ, ಹಳದಿಯದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದ ಕಿಟಕಿಯಾಚೆ ನೋಡುತ್ತಿದ್ದಳು.

ರೀಲು ಮುಂಬಯಿಯಲ್ಲಿ ತೊಳೆಸಿಕೊಂಡು ಬಂದ ಮೇಲೆ, ಗ್ಯಾದರಿಂಗಿಗೆ ಮುಂಚೆ ಓಣಿಯ ಮಂದಿಗೆ ಒಮ್ಮೆ ತೋರಿಸೋಣವೆಂದು ನಮ್ಮ ಅಂಗಳದಲ್ಲಿ ಪರದೆಗೆಂದು ಚಾದರ ಕಟ್ಟಿದೆವು. ನಮ್ಮ ಪಾಂಡಿತ್ಯವೆಲ್ಲ ಮಣ್ಣುಪಾಲಾಯಿತು. ನಡುರಾತ್ರಿಯಲ್ಲಿ ಸುಡುಬಿಸಿಲು ಕಾಯುತ್ತಿತ್ತು. ಕಾಣೆಯಾದವನ ಕಾಲು ಕಂಬದ ಹಿಂದಿನಿಂದ ಹೊರಗೆ ಚಾಚಿತ್ತು. ಗೆಜ್ಜೆಯ ಕೊರತೆ ನೀಗಲು ನಾನು ಚಾದರದ ಹಿಂದೆ ನಿಂತು, ಸಿಕ್ಕ ಎತ್ತಿನ ಗೆಜ್ಜೆಸರವನ್ನೇ ಅಲ್ಲಾಡಿಸಿದರೆ, "ಚಕ್ಕಡಿ ಬಂತು, ಹಾದಿ ಬಿಡ್ರಿ" ಎಂದು ಯಾರೋ ಕೂಗಿದರು. ನಾಚಿಕೆಯಿಂದ ಸಾಯುವಂತಾಯಿತು.

ಆಗ ಬಾಗಿಲಲ್ಲಿ ದೆವ್ವ ಬಂತು. ಸೀರೆ ಅಚ್ಚ ಬಿಳಿ, ಗೆಳೆಯ ಹೇಳಿದ್ದು ಖರೆಯೇ. ಸೆರಗನ್ನೊಮ್ಮೆ ನೋಡಿಕೊಂಡು, ತಲೆ ಎತ್ತಿ, ನಮ್ಮೆಲ್ಲರ ಕಡೆಗೆ ನಕ್ಕಿತು. "ಎವ್ವಾ, ನಗಾಕತ್ತೈತಲ್ಲೋ ಅದು!" ಎಂದು ಪಕ್ಕದ ಮನೆಯಾಕೆ ಚೀರಿದಳು. ಕೂಸುಗಳು ಅಳತೊಡಗಿದವು. ನಗುವ ದೆವ್ವವನ್ನು ಯಾವ ಟಾಕೀಸಿನಲ್ಲೂ ಯಾರೂ ಕಂಡಿರಲಿಲ್ಲ.

ನಾನು ಚಾದರದ ಅಂಚಿನಿಂದ ಇಣುಕಿದೆ. ಹೆದರದೆ ಕೂತವಳು ಆಯಿಯೊಬ್ಬಳೇ. ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ರೀಲು ಮುಗಿದೊಡನೆ, "ಇನ್ನೊಮ್ಮೆ ಹಚ್ಚು" ಎಂದಳು.

ಮುಂದಿನ ಭಾನುವಾರ ಅತ್ತೆ ತಲೆ ಒಣಗಿಸುತ್ತ ಕೂತಿದ್ದಾಗ ಆಯಿ ಆ ಹಳದಿ ಸೀರೆ ತಂದು ಅವಳ ಮುಂದಿಟ್ಟಳು.

"ಸಿನಿಮಾ ಮುಗದೈತಲ್ಲ ಅವ್ವಾ."

"ಮುಗೀಲಿ. ಬಿಸಲಾಗ ಬಿಳೀದು ಕುಕ್ಕತೈತಂತ ಆ ಹುಡುಗ ಹೇಳಿಲ್ಲೇನು? ಉಟ್ಕೋ."

ಅಂದು ಬೆಳಗಿನಿಂದ ಮೋಡ ಮುಚ್ಚಿತ್ತು. ಅತ್ತೆ ಸೀರೆ ಉಟ್ಟುಕೊಂಡು ನನ್ನ ತಾಯಿಯ ಜತೆ ಪೇಟೆಗೆ ಹೋದಳು.