ಬ್ಯಾಟರಿ ಇಲ್ಲದ ವೈರ್‌ಲೆಸ್ಸು

ದೆವ್ವ, ಭೂತ, ಅಶರೀರವಾಣಿ ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥ ಮಾತು ತೆಗೆದರೆ "ರಾತ್ರಿ ಏನ್ ಉಂಡಿದ್ದಿ?" ಎಂದು ಕೇಳುತ್ತಿದ್ದೆ. ಈಗ ನೀವು ನನ್ನನ್ನು ಹಾಗೇ ಕೇಳಿದರೂ ಬೇಸರವಿಲ್ಲ.

ಮೊಬೈಲು ಬರುವ ಮುಂಚೆ ಶಹಾಪುರದ ಗುಡ್ಡದ ಮೇಲೊಂದು ವೈರ್‌ಲೆಸ್ ಕೋಣೆ ಇತ್ತು. ಅಣೆಕಟ್ಟಿನಿಂದ ಕೃಷ್ಣೆಗೆ ನೀರು ಬಿಟ್ಟ ಸುದ್ದಿ ಹೊಳೆದಂಡೆಯ ಹಳ್ಳಿಗಳಿಗೆ ಅಲ್ಲಿಂದಲೇ ಹೋಗಬೇಕಿತ್ತು. ಅಲ್ಲಿದ್ದವರು ನಾವಿಬ್ಬರೇ, ನಾನು ಮತ್ತು ಬೋನಾಳದ ಹಣಮಂತ. ಮೇಲೆ ಕರೆಂಟಿರಲಿಲ್ಲ. ಇದ್ದ ಒಂದೇ ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ಇಳಿದು, ಊರಲ್ಲಿ ಚಾರ್ಜು ಮಾಡಿಸಿ ತರುತ್ತಿದ್ದೆವು. ಉಣ್ಣುವುದೂ ಒಂದೇ ತಾಟಿನಲ್ಲಿ.

ಒಂದು ಮಳೆಗಾಲ, ಹೊಳೆಗೆ ನೀರು ಬಿಟ್ಟ ದಿನವೇ ನಾನು ಪಾಳಿ ಬಿಟ್ಟು ಸುರಪುರಕ್ಕೆ, ತಂಗಿಯ ನಿಶ್ಚಯಕ್ಕೆ ಹೋಗಿಬಿಟ್ಟೆ. ಹಣಮಂತ ನನ್ನ ಬದಲಿಗೆ ಕೂತು, ನನ್ನ ಹೆಸರಿನಲ್ಲೇ ಸುದ್ದಿ ಕಳಿಸಿದ. ಬರುವಾಗ ಅವನಿಗೂ ಹೋಳಿಗೆ ತಂದೆ. ಗೊತ್ತಾದರೆ ನನ್ನ ನೌಕರಿ ಹೋಗುತ್ತಿತ್ತು, ಗೊತ್ತಿದ್ದವನು ಅವನೊಬ್ಬನೇ.

ಅದಾಗಿ ಎರಡು ತಿಂಗಳಿಗೆ, ಒಂದು ಮಧ್ಯಾಹ್ನ, ಹಣಮಂತ ಬ್ಯಾಟರಿ ಹೊತ್ತು ಗುಡ್ಡ ಇಳಿಯುತ್ತಿದ್ದ. ನಾನು ಬಾಗಿಲಲ್ಲಿ ಕೂತು ಅವನನ್ನೇ ನೋಡುತ್ತಿದ್ದೆ. ಬೆನ್ನ ಹಿಂದೆ ವೈರ್‌ಲೆಸ್ಸು ಗರಗರ ಎಂದಿತು. ಆಮೇಲೆ ಅವನದೇ ದನಿ:

"ಸಾಹೇಬ್ರ, ನೀರ್ ಬಿಟ್ಟ ದಿನಾ ಅಂವಾ ಗುಡ್ಡದ ಮ್ಯಾಲ ಇರಲೇ ಇಲ್ರಿ. ಸುರಪುರದಾಗ ಹೋಳಿಗಿ ಉಣ್ಣಾಕತ್ತಿದ್ದ."

ತಿರುಗಿ ನೋಡಿದೆ. ಬ್ಯಾಟರಿಗೆ ಹಚ್ಚುವ ಎರಡೂ ತಂತಿ ನೆಲದ ಮೇಲೆ ಬಿದ್ದಿದ್ದವು. ಬ್ಯಾಟರಿಯೋ, ಕೆಳಗೆ ಇಳಿಯುತ್ತಿದ್ದ ಅವನ ಹೆಗಲ ಮೇಲಿರುವುದು ಕಣ್ಣಿಗೆ ಕಾಣುತ್ತಿತ್ತು.

ಅವನನ್ನೇ ಕೇಳಬೇಕಿತ್ತು, ಕೇಳಲಿಲ್ಲ. ಬೆನ್ನಿಗೆ ಚೂರಿ ಹಾಕುವವನ ಜೊತೆ ಎಂಥ ಊಟ ಎಂದು ತಾಟು ಬೇರೆ ಮಾಡಿದೆ, ಮಾತು ಬಿಟ್ಟೆ. ವಾರದೊಳಗೆ, ಜೊತೆಗಾರನನ್ನು ಬದಲಿಸಿ ಎಂದು ನಮ್ಮ ಸಾಹೇಬರಿಗೆ ಅರ್ಜಿ ಕೊಟ್ಟೆ. "ನಂಬಿಕೆಯ ಮನುಷ್ಯನಲ್ಲ" ಎಂದು ಕಾರಣ ಬರೆದೆ.

ಹದಿನೈದು ದಿನಕ್ಕೆ ಸಾಹೇಬರು ಇಬ್ಬರನ್ನೂ ಕರೆಸಿದರು. ನನ್ನೆದುರೇ ಹಣಮಂತ ಬಾಯಿಬಿಟ್ಟ. ಅದೇ ಮಾತು, ಅದೇ ಹೋಳಿಗೆ, ಒಂದಕ್ಷರ ಆಚೀಚೆ ಇಲ್ಲ. ಅವನು ಬೈಸಿಕೊಂಡು ಉಳಿದ, ನಾನು ಮನೆಗೆ ಹೋದೆ. ನೌಕರಿಯ ದುಃಖ ನಾಲ್ಕು ವರ್ಷದಲ್ಲಿ ಹೋಯಿತು. ಅವನು ಮಾಡಿದ್ದು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ಹೋದ ವರ್ಷ ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಒಂದ ತಾಟಿನ್ಯಾಗ ಉಂಡು ಹಿಂಗ್ ಮಾಡಿದೆಲ್ಲೋ" ಎಂದೆ.

"ನಿನ್ನ ಅರ್ಜಿ ಸಾಹೇಬ್ರು ನನಗ ಓದಿ ಹೇಳಿದ್ರು" ಎಂದ ಹಣಮಂತ. "ಅಲ್ಲೀತನಾ ನಿನ್ನ ವಿಷ್ಯಾ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ, ನನ್ನ ಮಕ್ಕಳ ಆಣಿ. ತಾಟು ಬ್ಯಾರೆ ಮಾಡ್ದಾಂವ ನೀ. ಅದಕ್ಕ ಮುಂಚೆ ನಾ ನಿನಗ ಏನ್ ಮಾಡಿದ್ದೆ? ಅದನ್ನರ ಹೇಳು."

ಮಕ್ಕಳ ಮೇಲೆ ಸುಳ್ಳು ಆಣೆ ಇಡುವವನಲ್ಲ ಅವನು. ಹಾಗಾದರೆ ನಾನು ಕೇಳಿದ್ದು ಏನು? ಇನ್ನೂ ಆಡದ ಮಾತು ಮೊದಲೇ ಹೇಗೆ ಬಂತು? ನಾನು ಅದನ್ನು ಕೇಳದೆ ಇದ್ದಿದ್ದರೆ ಅವನು ಆಡುತ್ತಿದ್ದನೇ? ನನಗೆ ಗೊತ್ತಿಲ್ಲ. ಬಲ್ಲವರು ಯಾರಾದರೂ ಇದ್ದರೆ ತಿಳಿಸಿ.

ಹಣಮಂತ ಉತ್ತರಕ್ಕೆ ಕಾಯುತ್ತ ನನ್ನ ಮುಖವನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಗುರುಮಠಕಲ್ ಬಸ್ಸು ಬಂತು. ನಾನು ಹೋಗಬೇಕಿದ್ದದ್ದು ಸುರಪುರಕ್ಕೆ. ಆದರೂ ಅದನ್ನೇ ಹತ್ತಿ ಕೂತೆ.