ಪ್ರಮೀಳಳ ಕೆನ್ನೆಯ ಮಚ್ಚೆ

ಕೃಷ್ಣರಾಜಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ದ್ಯಾವಯ್ಯನ ಸ್ಟುಡಿಯೋ. ಹೊಲಗೆಲಸ ಬಿಟ್ಟು ಬಂದು, ಇಪ್ಪತ್ತೆರಡು ವರ್ಷ ಕಪ್ಪುಬಿಳುಪು ಪಟವನ್ನೇ ತೊಳೆದವನು. ತೊಂಬತ್ತಾರರ ಹೊತ್ತಿಗೆ ಊರೆಲ್ಲ ಬಣ್ಣಕ್ಕೆ ಬಿದ್ದಿತ್ತು. ಬಣ್ಣದ ಪಟವೆಂದರೆ ಮೈಸೂರಿಗೇ ಕಳಿಸಬೇಕು. ಆದರೂ ಔಷಧದ ತಟ್ಟೆಯೊಳಗಿಂದ, ಬರೀ ಬಿಳಿ ಕಾಗದದ ಮೇಲೆ ಒಂದು ಮುಖ ಎದ್ದು ಬರುವಾಗ ಅವನು ಈಗಲೂ ಉಸಿರು ಬಿಗಿಹಿಡಿಯುತ್ತಿದ್ದ.

ಪಿತೃಪಕ್ಷದ ಒಂದು ಬೆಳಿಗ್ಗೆ ಮಾಕವಳ್ಳಿಯ ಮಂಚಮ್ಮ ಬಂದಳು. ತೀರಿಕೊಂಡ ಮಗಳು ಪ್ರಮೀಳಳ ಮದುವೆ ದಿನದ ಬಣ್ಣದ ಪಟಕ್ಕೆ ವರ್ಷವರ್ಷವೂ ಗಂಧ ಬಳಿದು, ಕುಂಕುಮ ಇಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಮುಖವೇ ಕಿತ್ತುಬಂದಿತ್ತು. ಉಳಿದದ್ದು ಅದರ ನೆಗೆಟಿವ್‌ನ ಒಂದು ತುಂಡು.

“ನಾಳೆ ಎಡೆ ಇಡ್ಬೇಕು ಕಣಪ್ಪ. ಮೊಕ ಇಲ್ದಿರೋ ಪಟದ ಮುಂದೆ ಎಂಗಿಡಾನ?”

“ಮೈಸೂರಿಗೆ ಕಳ್ಸುದ್ರೆ ನಾಕು ದಿನ ಆಯ್ತದೆ ಕಣವ್ವ. ಕಪ್ಪುಬಿಳುಪಲ್ಲಿ ನಾನೇ ತೆಗ್ದು ನೋಡ್ತೀನಿ. ಬಂದ್ರೆ ಬತ್ತು.”

“ಬರ್ದೆ ಎಲ್ಲೋಯ್ತಾಳೆ, ನನ್ ಮಗ್ಳಲ್ವಾ?” ಎನ್ನುತ್ತ ಮಂಚಮ್ಮ ಅವನ ಹಿಂದೆಯೇ ಕತ್ತಲೆಕೋಣೆಗೆ ನುಗ್ಗಿದಳು.

ಕೆಂಪು ಬಲ್ಬಿನ ಕೆಳಗೆ ದ್ಯಾವಯ್ಯ ನೆಗೆಟಿವ್‌ನ ಮೂಲಕ ಎಂದಿನಂತೆ ಎಂಟು ಸೆಕೆಂಡು ಬೆಳಕು ಬಿಟ್ಟು ಕಾಗದವನ್ನು ತಟ್ಟೆಗೆ ಹಾಕಿದ. ಬೂದಿ ಸವರಿದಂಥ ಮಸುಕು, ಅಷ್ಟೇ.

“ಎಲ್ಲವ್ಳೆ?”

“ಈ ರೀಲಿನ ಮೈಯೇ ಕಿತ್ತಳೆ ಬಣ್ಣ ಕಣವ್ವ. ಬೆಳ್ಕನ್ನೆಲ್ಲ ಅದೇ ನುಂಗ್ತದೆ. ತಡ್ಕೊ.”

ಮಸುಕನ್ನೂ ಎತ್ತಿ ತೋರಿಸುವ ಬೇರೆ ಗಡಸು ಕಾಗದ ತೆಗೆದು, ಬೆಳಕು ಬಿಟ್ಟು ಅರವತ್ತರವರೆಗೆ ಎಣಿಸಿದ. ಮಂಚಮ್ಮನೂ ಎಣಿಸಿದಳು, ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ.

ತಟ್ಟೆಯಲ್ಲಿ ಮೊದಲು ತಲೆಗೂದಲು ಮೂಡಿತು, ಹಣೆಯ ಕುಂಕುಮ ಮೂಡಿತು, ಆಮೇಲೆ ಎರಡು ಕಣ್ಣು. ಮಂಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಎಡಗೆನ್ನೆಯ ಮೇಲೆ ತೊಗರಿಕಾಳಿನಷ್ಟು ಒಂದು ಕಲೆ.

ಈ ಕಾಗದಕ್ಕೆ ಕೆಂಪು ಕಾಣದು, ಕೆಂಪಾಗಿದ್ದದ್ದೆಲ್ಲ, ಕಣ್ಣಿಗೆ ಕಾಣದಷ್ಟು ಎಳೆಯದಾದರೂ, ಕಪ್ಪಾಗಿಯೇ ಇಳಿಯುತ್ತದೆ ಎಂದು ದ್ಯಾವಯ್ಯನಿಗೆ ಗೊತ್ತು. ಯಾರ ಪಟದಲ್ಲೇ ಕಲೆ ಬಂದರೂ ಬ್ಲೇಡಿನ ತುದಿಯಿಂದ ಕೆರೆದು ನಯ ಮಾಡಿ ಕೊಡುವುದು ಅವನ ರೂಢಿ. ಪಟ ಒಣಗಿದೊಡನೆ ಬ್ಲೇಡು ಎತ್ತಿಕೊಂಡ.

ಮಂಚಮ್ಮ ಅವನ ಮಣಿಕಟ್ಟು ಹಿಡಿದಳು. “ಏನ್ ಮಾಡ್ತಿದ್ದೀಯ್ಲಾ?”

“ಕಲೆ ತೆಗೀತೀನಿ. ಕೆನ್ನೆ ನುಣ್ಣಗಾಯ್ತದೆ.”

“ಅದು ಉಟ್ದಾಗ್ಲಿಂದ ಇದ್ದ ಮಚ್ಚೆ ಕಣ್ಲಾ. ಎಳೇ ಕೆಂಪು. ಮದ್ವೆ ದಿನ ಪೌಡ್ರು ಮೆತ್ತಿ ಮುಚ್ಚುಬುಟ್ಟಿದ್ರು. ಆ ಬಣ್ಣದ ಪಟದಾಗೆ ಕಾಣ್ತಾನೇ ಇರ್ನಿಲ್ಲ. ಐದೊರ್ಸ ಯಾರ್ ಮಗ್ಳಿಗೋ ಎಡೆ ಇಟ್ಟಂಗಾಗಿತ್ತು ನಂಗೆ.”

ದ್ಯಾವಯ್ಯ ಬ್ಲೇಡು ಕೆಳಗಿಟ್ಟು ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಎಲ್ಲೂ ಬೆರಳು ತಾಕಿಸದೆ ಕಾಗದದಲ್ಲಿ ಸುತ್ತಿ, ಎರಡು ಕೈಯಲ್ಲೂ ಹಿಡಿದು ಅವಳಿಗೆ ಕೊಟ್ಟ.