ಬರೀ ಗಾಜು

ಅಣ್ಣನ ಮಗಳು ಹಾಗೆ ಕರೆಯುತ್ತಿದ್ದುದರಿಂದ ಕೇರಿಗೆಲ್ಲ ಅವಳು ಅತ್ತೆಯೇ. ಕೆಲಸ ಕನ್ನಡಕದ ಅಂಗಡಿಯಲ್ಲಿ: ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು. ಮದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಉಳಿದವಳು. ಮುಖದ ಮೇಲೆ ಸದಾ ದಪ್ಪ ಕಪ್ಪು ಫ್ರೇಮು. “ನಡೆದಾಡೋ ಜಾಹೀರಾತು,” ಎಂದು ಅಣ್ಣ ರೇಗಿಸುತ್ತಿದ್ದ.

ಅಣ್ಣನ ಮಗಳಿಗೆ ಮೊದಲ ಕೆಲಸ ಸಿಕ್ಕಿದಾಗ ಪಕ್ಕದ ಮನೆಯಾಕೆ ಬಂದು, “ಎಂಥ ಚೆಂದದ ಕಣ್ಣಮ್ಮ ನಿಂದು! ಥೇಟ್ ಅತ್ತೇದೇ,” ಎಂದಳು. ಅತ್ತೆ ದಡಕ್ಕನೆ ಎದ್ದು ಒಳಗೆ ಹೋದಳು. ಮರುದಿನ ಹುಡುಗಿಗೊಂದು ಕನ್ನಡಕ ತಂದಳು.

“ಹಾಕ್ಕೊ. ಕೆಲಸದ ಜಾಗದಲ್ಲಿ ತೆಗೀಬೇಡ.”

“ನನ್ನ ಕಣ್ಣು ಚೆನ್ನಾಗೇ ಇದೆಯಲ್ಲ ಅತ್ತೆ!”

“ನಂದೂ ಚೆನ್ನಾಗೇ ಇದೆ.”

ಅಣ್ಣ ನಗುತ್ತಾ ಅವಳ ಕನ್ನಡಕ ಕಿತ್ತು ತಾನೇ ಹಾಕಿಕೊಂಡ. ಎದುರಿನ ಗೋಡೆ ಇದ್ದ ಹಾಗೆಯೇ ಕಂಡಿತು. ನಂಬರಿಲ್ಲ, ಏನಿಲ್ಲ. ಇಷ್ಟು ವರ್ಷವೂ ಬರೀ ಗಾಜು! “ಯಾಕೇ ಇದು?” ಎಂದ.

ಅತ್ತೆ ನಿಂತಲ್ಲೇ ಹೇಳಿದಳು. ಅವಳು ಮೊದಲು ಕೆಲಸಕ್ಕಿದ್ದ ಅಂಗಡಿಯ ಯಜಮಾನರು, ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ಸಲವಲ್ಲ.

“ಅತ್ತರೆ, ‘ನಂದೇನು ತಪ್ಪು, ನಿನ್ನ ಕಣ್ಣೇ ಕರೀತು’ ಅನ್ನೋರು. ಇದ್ದರೂ ಇರಬಹುದು ಅಂದ್ಕೊಂಡೆ. ಕನ್ನಡೀಲಿ ನೋಡ್ಕೊಂಡ್ರೆ ಹೇಸಿಗೆ ಆಗೋದು. ಅವರ ಮೇಲಲ್ಲ, ನನ್ನ ಮೇಲೆ.”

ಕೇಳುತ್ತಾ ನಿಂತಿದ್ದ ಅತ್ತಿಗೆಗೆ ಮೈಯೆಲ್ಲ ಉರಿಯಿತು. “ಕರೀತಂತೆ! ಕಣ್ಣಿಗೇನು ಬಾಯಿದೆಯಾ?”

“ಎಲ್ಲಿದ್ದಾನೆ ಆ ಬೇವರ್ಸಿ? ಕೈಕಾಲು ಮುರೀತೀನಿ,” ಎಂದ ಅಣ್ಣ.

“ಸತ್ತು ಎಷ್ಟೋ ಕಾಲವಾಯ್ತು. ಮಣ್ಣಿಗೆ ನೀನೇ ಹೋಗಿದ್ದೆಯಲ್ಲ ಅಣ್ಣ. ‘ದೇವರಂಥ ಮನುಷ್ಯ, ಅಂಥವರ ಕೆಲಸ ಒದ್ದು ಬಂದೆಯಲ್ಲ’ ಅಂತ ನನಗೇ ಬೈದೆ.”

ಅಣ್ಣ ಇನ್ನೂ ಮುಖದ ಮೇಲಿದ್ದ ಅವಳ ಕನ್ನಡಕ ತೆಗೆದು ಕೆಳಗಿಟ್ಟ.

ಹುಡುಗಿ ಬರಿಗಣ್ಣಲ್ಲೇ ಕೆಲಸಕ್ಕೆ ಹೊರಟಳು. ಅತ್ತೆ ಬೇಡವೆನ್ನಲಿಲ್ಲ. ಮೊದಲ ದಿನ ಅಲ್ಲಿಯವರೆಗೂ ಜೊತೆಗೆ ನಡೆದು, “ಯಾರಾದ್ರೂ ಬಾಗಿಲು ಹಾಕಿದ್ರೆ ಕೂಗು. ಮನೇಲಿ ಹೇಳು. ನನ್ನ ಹಾಗೆ ನುಂಗ್ಕೋಬೇಡ,” ಎಂದಳು.

ಆ ಸಂಜೆ ಅತ್ತೆ ಸೊಪ್ಪು ಬಿಡಿಸುತ್ತಾ, ತಲೆಯೆತ್ತದೆ ಕೇಳಿದಳು: “ಅತ್ತಿಗೆ, ಆಗ ನಾನು ನಿಜವಾಗ್ಲೂ ಚೆನ್ನಾಗಿದ್ದೆನಾ?”

“ಇದ್ದೆ ಕಣೇ. ಮನೆಗೆ ಬಂದ ಹೊಸತರಲ್ಲಿ ನಿನ್ನನ್ನ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೀನಿ.”

ಎಲ್ಲವನ್ನೂ ಒಣ ಕಣ್ಣಲ್ಲಿ ಹೇಳಿ ಮುಗಿಸಿದ್ದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು.